ಕಡಲಂಚಿನ ಮನೆ, ಎರೆ ಸೀಮೆಯ ಮನೆ: ಪರೀಕ್ಷೆಗೆ ಮುಖ್ಯಾಂಶಗಳು

ಪರಿಸರಕ್ಕೆ ಹೊಂದುವ ಮನೆ ಎಂದೊಡನೆ ನೆನಪಾಗುವುದು ಕರಾವಳಿಯ ಹೆಂಚಿನ ಮನೆ. ಉದಾಹರಣೆ ಸರಿಯಾದದ್ದೇ. ಆದರೆ ಅದನ್ನೇ ತಂದು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿಯ ಎರೆ ಹೊಲದಲ್ಲಿ ನಿಲ್ಲಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿಕೊಳ್ಳಿ.

ಹವಾವಲಯ: ರಾಷ್ಟ್ರೀಯ ಕಟ್ಟಡ ಸಂಹಿತೆ (2016) ಗುರುತಿಸುವ ವಲಯಗಳು ಐದು: ಬಿಸಿ-ಒಣ, ಬೆಚ್ಚಗಿನ-ತೇವ, ಮಿಶ್ರ, ಸಮಶೀತೋಷ್ಣ, ಶೀತ. ಮಂಗಳೂರು ಎರಡನೆಯದರಲ್ಲಿ, ವಿಜಯಪುರ-ಸೊಲ್ಲಾಪುರ ಸೀಮೆ ಮೊದಲನೆಯದರಲ್ಲಿ. ಕರಾವಳಿಯ ವರ್ಷದ ಮಳೆ 3,500 ಮಿ.ಮೀ.ಗೂ ಮೇಲೆ, ವಿಜಯಪುರ ಜಿಲ್ಲೆಯದು ಸುಮಾರು 600 ಮಿ.ಮೀ.

ಕಿಟಕಿಯ ಲೆಕ್ಕ (ಅಂಕಿ ಸಮೇತ ನೆನಪಿಡಿ): ಇಕೋ ನಿವಾಸ್ ಸಂಹಿತೆ 2018ರ ಪ್ರಕಾರ, ಗಾಳಿಗೆ ತೆರೆಯಬಲ್ಲ ಕಿಟಕಿ-ಬಾಗಿಲುಗಳ ವಿಸ್ತೀರ್ಣ ಬೆಚ್ಚಗಿನ-ತೇವ ವಲಯದಲ್ಲಿ ನೆಲದ ವಿಸ್ತೀರ್ಣದ ಕನಿಷ್ಠ ಶೇ 16.66 ಇರಬೇಕು, ಬಿಸಿ-ಒಣ ವಲಯದಲ್ಲಿ ಶೇ 10 ಸಾಕು. ಕಡಲ ಬದಿಯಲ್ಲಿ ಬೆವರು ಆರಲು ಗಾಳಿ ಬೇಕು. ಎರೆ ಸೀಮೆಯಲ್ಲಿ ಏಪ್ರಿಲ್ ಮಧ್ಯಾಹ್ನದ ಗಾಳಿಯೇ ಝಳ. ಗೋಡೆಯುದ್ದಕ್ಕೂ ಗಾಜು ಹಾಕಿದ ‘ಬೀಚ್ ಹೌಸ್’ ನಕ್ಷೆಗಳು ಈಗ ತಾಲ್ಲೂಕು ಊರುಗಳಿಗೂ ಬರುತ್ತಿವೆ. ಚಿತ್ರದಲ್ಲಿ ಚೆಂದ, ಪಡುವಣ ಗೋಡೆಯಲ್ಲಿ ಶಿಕ್ಷೆ.

ಸಿಆರ್‌ಝಡ್: ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗಳು 1991, 2011, 2019. 2019ರ ಪ್ರಕಾರ ಗ್ರಾಮೀಣ ಪ್ರದೇಶದಲ್ಲಿ, 2011ರ ಜನಗಣತಿಯಂತೆ ಚ.ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನಸಾಂದ್ರತೆ ಇದ್ದಲ್ಲಿ ಸಮುದ್ರದ ಭರತ ರೇಖೆಯಿಂದ 50 ಮೀಟರ್, ಕಡಿಮೆ ಇದ್ದಲ್ಲಿ 200 ಮೀಟರ್ ನಿರ್ಮಾಣರಹಿತ ವಲಯ. ನದಿಯೊಳಗೆ ಉಬ್ಬರದ ಪ್ರಭಾವ ಎಲ್ಲಿಯವರೆಗೆ ಎಂಬುದನ್ನು ತೀರ್ಮಾನಿಸುವುದು ಲವಣಾಂಶ: ವರ್ಷದ ಅತಿ ಒಣ ಕಾಲದಲ್ಲಿ ಸಾವಿರಕ್ಕೆ 5 ಭಾಗ. ಆದ್ದರಿಂದ ಉಬ್ಬರ ತಲುಪದ ಭೀಮಾ ನದಿಯ ದಂಡೆಗೆ ಈ ನಿಯಮ ತಾಗದು.

ಕರಾವಳಿಯ ಸಾಮಗ್ರಿ: ಮುರಕಲ್ಲು, ಹೆಂಚು. ಮುರಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್ (1807). ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆಧುನಿಕ ಮಾದರಿಗೆ ಹೆಸರು ಬೇಕಾದರೆ ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ.

ಈಗ ನಮ್ಮ ಕಡೆಯ ಮನೆ. ಇಂಡಿ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೇ ವಾರ ಮತ್ತು ಆಗಸ್ಟ್ ಮೊದಲ ವಾರದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಬೇಸಿಗೆಯ ಬಿಸಿಲನ್ನು ಹೆಚ್ಚು ಹೊರುವುದು ಮಾಳಿಗೆ, ಅದರ ನಂತರ ಪಡುವಣ ಗೋಡೆ. ಹಳಬರು ಎರಡನ್ನೂ ದಪ್ಪಗೆ ಕಟ್ಟಿದರು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ಹೊರಗಿನ ಬಿಸಿ ಒಳಗೆ ತಲುಪಲು ಸುಮಾರು 10–12 ಗಂಟೆ ಬೇಕು. ಅಷ್ಟೊತ್ತಿಗೆ ಮಂದಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿರುತ್ತಾರೆ.

ಮಾಳಿಗೆಯ ರಚನೆ ಹೀಗೆ: ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆಯ ಹಾಸು, ಎಲ್ಲಕ್ಕೂ ಮೇಲೆ ಮಣ್ಣು. ನಡುವೆ ಬೆಳಕಿಂಡಿ. ಅದು ಬೆಳಕು ತರುತ್ತದೆ, ಬಿಸಿಗಾಳಿಯನ್ನೂ ಹೊಗೆಯನ್ನೂ ಮೇಲಕ್ಕೆ ಬಿಡುತ್ತದೆ. ಕೊನೆಯ ಪದರಕ್ಕೆ ಸವಳು ಮಣ್ಣು ಹರಡುವುದರ ಹಿಂದೆ ರಸಾಯನಶಾಸ್ತ್ರವಿದೆ. ಸೋಡಿಯಂ ಹೆಚ್ಚಿರುವ ಜೇಡಿ ನೀರು ಬಿದ್ದಾಗ ಕಣಕಣವಾಗಿ ಬಿಡಿಸಿಕೊಂಡು ರಂಧ್ರಗಳನ್ನು ಮುಚ್ಚುತ್ತದೆ, ಮಳೆನೀರು ಇಂಗದೆ ಹರನಾಳಿಗೆಗೆ ಹರಿಯುತ್ತದೆ. ಹೊಲದಲ್ಲಿ ಬೆಳೆ ಕೊಲ್ಲುವ ಗುಣವೇ ಮಾಳಿಗೆಯ ಮೇಲೆ ಸೋರಿಕೆ ತಡೆಯುತ್ತದೆ. ಮಳೆಗಾಲಕ್ಕೆ ಮೊದಲು ಹೊಸ ಮಣ್ಣು ಹಾಕುವುದು ಇದಕ್ಕೇ.

ಕಲ್ಲು: ಇಂಡಿ, ಸಿಂದಗಿ ದಖ್ಖನ್ ಟ್ರ್ಯಾಪ್‌ನ ಕಪ್ಪು ಬಸಾಲ್ಟ್ ಸೀಮೆ. ಮುದ್ದೇಬಿಹಾಳ, ತಾಳಿಕೋಟೆ ಕಡೆ ಟ್ರ್ಯಾಪ್ ಮುಗಿದು ಹಳೆಯ ಶಿಲೆಗಳೂ ಭೀಮಾ ಶ್ರೇಣಿಯ ಸುಣ್ಣಕಲ್ಲೂ ಕಾಣುತ್ತವೆ. ನೆಲಕ್ಕೆ ಹಾಸುವ ಶಹಾಬಾದ್ ಫರಸಿ ಇದೇ ಶ್ರೇಣಿಯದು.

ಅಡಿಪಾಯ: ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಜೇಡಿ ಇದೆ. ತೊಯ್ದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗೋಡೆಯೂ ಜೊತೆಗೆ ಬಿರಿಯುತ್ತದೆ. ಎರೆ ತೆಗೆದು ಗರಸು ತುಂಬಿ ಧುಮ್ಮಸ್ ಹೊಡೆಯುವುದು ಒಂದು ದಾರಿ. ಕೆಳತುದಿಯಲ್ಲಿ ಅಗಲವಾಗುವ ಅಂಡರ್-ರೀಮ್ಡ್ ಪೈಲ್ ಇನ್ನೊಂದು; ಭಾರತದಲ್ಲಿ ಇದನ್ನು ಬೆಳೆಸಿದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ.

ನೀರಿನಂಚು: ನಮಗೆ ಕಡಲಿಲ್ಲ, ಎರಡು ನದಿಗಳಿವೆ. ಇಂಡಿ, ಸಿಂದಗಿಯ ಕಡೆ ಭೀಮಾ. ಬಾಗೇವಾಡಿ, ಮುದ್ದೇಬಿಹಾಳದ ಕಡೆ ಕೃಷ್ಣಾ. 2020ರ ಅಕ್ಟೋಬರ್‌ನಲ್ಲಿ ಮಳೆಯ ಜೊತೆಗೆ ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯಿಂದ ಬಿಟ್ಟ ನೀರೂ ಸೇರಿ ಭೀಮಾ ತೀರದ ಊರುಗಳಿಗೆ ನುಗ್ಗಿತು. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಗೆ ಶಂಕುಸ್ಥಾಪನೆ 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರಿಂದ. ಈಗಿನ ಪೂರ್ಣ ಮಟ್ಟ 519.60 ಮೀಟರ್, ಎರಡನೇ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದು 524.256 ಮೀಟರ್. ದಂಡೆಯಲ್ಲಿ ಮನೆ ಕಟ್ಟುವವರು ನೋಟಕ್ಕಿಂತ ಮೊದಲು ಹಳೆಯ ನೆರೆಯ ಗುರುತು ಕೇಳಬೇಕು, ಕಟ್ಟೆಯನ್ನು ಅದಕ್ಕಿಂತ ಮೇಲೆ ಏರಿಸಬೇಕು.

ಹಳೆಯ ಮನೆಯ ದೋಷ: ಹೊಗಳಿ ಬಿಡುವಂತಿಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ (ಲಾತೂರ್) ಭೂಕಂಪದಲ್ಲಿ ಸಾವಿರಾರು ಜನರನ್ನು ಕೊಂದದ್ದು ಮಣ್ಣಿನ ಗಾರೆಯಲ್ಲಿ ಪೇರಿಸಿದ ಉರುಟು ಕಲ್ಲಿನ ಗೋಡೆ ಮತ್ತು ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ವರ್ಷವರ್ಷ ಹೊಸ ಮಣ್ಣು ಸುರಿದಂತೆ ಮಾಳಿಗೆಯ ತೂಕವೂ ಏರುತ್ತದೆ. ಭೂಕಂಪ ಸಂಹಿತೆ ಐಎಸ್ 1893ರ 2016ರ ಆವೃತ್ತಿಯಲ್ಲಿ ವಿಜಯಪುರ ಮೂರನೇ ಭೂಕಂಪ ವಲಯ. ಪರಿಹಾರ: ಗೋಡೆಯ ಎರಡೂ ಮುಖಗಳನ್ನು ಹಿಡಿದಿಡುವ ಅಡ್ಡಗಲ್ಲು, ಬಾಗಿಲಿನ ಮೇಲ್ಮಟ್ಟದಲ್ಲಿ ಸುತ್ತುಪಟ್ಟಿ, ಹಗುರ ಚಾವಣಿ.

ಇಂದಿನ ಆಯ್ಕೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ ಗ್ರಾಮೀಣ ತಂತ್ರಜ್ಞಾನ ಕೇಂದ್ರ ‘ಅಸ್ತ್ರ’ದಿಂದ ಬಂದ ಸ್ಥಿರೀಕೃತ ಮಣ್ಣಿನ ಇಟ್ಟಿಗೆ. ವಾಸ್ತುಶಿಲ್ಪಿ ಲಾರಿ ಬೇಕರ್ (ಪದ್ಮಶ್ರೀ, 1990) ಜನಪ್ರಿಯಗೊಳಿಸಿದ, ನಡುವೆ ಗಾಳಿ ಉಳಿಯುವ ರ‍್ಯಾಟ್-ಟ್ರ್ಯಾಪ್ ಜೋಡಣೆ. ಒಂದು ಎಚ್ಚರ: ಬರಿ ಎರೆ ಮಣ್ಣು ಇಟ್ಟಿಗೆಗೆ ಬಾರದು, ಮರಳು ಅಥವಾ ಮಸಾರಿ ಬೆರೆಸಬೇಕು.

ಲೆಕ್ಕದ ಪ್ರಶ್ನೆ: 100 ಚ.ಮೀ. ಚಾವಣಿ × 600 ಮಿ.ಮೀ. ಮಳೆ = 60,000 ಲೀಟರ್. ಹರಿವಿನ ಗುಣಾಂಕ 0.8 ಹಿಡಿದರೆ ಸಂಗ್ರಹಕ್ಕೆ ಸಿಗುವುದು 48,000 ಲೀಟರ್. ಈ ಗುಣಾಂಕ ಆರ್‌ಸಿಸಿ ಅಥವಾ ತಗಡಿನ ಚಾವಣಿಗೆ ಮಾತ್ರ. ಮಣ್ಣಿನ ಮಾಳಿಗೆಗೆ ಹಾಕಬೇಡಿ.