ಕ್ಷೀರಗೃಹಗಳ ಶೈತ್ಯ

ಹಾಲು ಕೆಡದಿರಲೆಂದು ನಾವು ಅದನ್ನು ಕಾಯಿಸುತ್ತೇವೆ. ಹೆಪ್ಪಿಟ್ಟು, ಮೊಸರು ಕಡೆದು ಬೆಣ್ಣೆ ತೆಗೆಯುತ್ತೇವೆ. ಬೆಣ್ಣೆಯನ್ನೂ ಕಾಸಿ ತುಪ್ಪವಾಗಿಸುತ್ತೇವೆ. ಅಗ್ನಿಯೇ ನಮ್ಮ ಕ್ಷೀರರಕ್ಷಕ. ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಭೂಮಾಲೀಕರ ಭವನಗಳಲ್ಲಿದ್ದ ಕ್ರಮ ಇದಕ್ಕೆ ವಿಪರೀತವಾದುದು. ಅಲ್ಲಿ ಸಾಮಾನ್ಯವಾಗಿ ಹಸಿ ಹಾಲನ್ನೇ ಅಗಲವಾದ ಪಾತ್ರೆಗಳಲ್ಲಿ ತೆಳ್ಳಗೆ ಹರಡಿ, ಕೆನೆ ತಾನಾಗಿ ಮೇಲೇಳುವವರೆಗೆ ಕಾಯುತ್ತಿದ್ದರು. ಅದಕ್ಕೆ ಅರ್ಧ ದಿನದಿಂದ ಒಂದು ದಿನ ಬೇಕು. ಆಗತಾನೆ ಕರೆದ ಹಾಲಿನ ಉಷ್ಣತೆಯಾದರೋ ಸುಮಾರು 38 ಡಿಗ್ರಿ ಸೆಂಟಿಗ್ರೇಡ್! ತಣಿಸದೆ ಬಿಟ್ಟರೆ ಕೆನೆ ಏಳುವ ಮೊದಲೇ ಹಾಲು ಹುಳಿಯುವುದು. ಹುಳಿಗೂ ಕೆನೆಗೂ ನಡೆವ ಈ ಸ್ಪರ್ಧೆಯಲ್ಲಿ ಕೆನೆಯನ್ನು ಗೆಲ್ಲಿಸುವುದೇ ಕ್ಷೀರಗೃಹದ ಉದ್ದೇಶ.

ಗೋಡೆಗಳು ದಪ್ಪ, ಸೂರು ಮುಂಚಾಚಿದ್ದು, ಸುತ್ತ ಮರಗಳ ನೆರಳು. ಕಿಟಕಿಗಳನ್ನು ಉತ್ತರಕ್ಕೆ ಇಡುತ್ತಿದ್ದರು. ಆ ದೇಶದಲ್ಲಿ ನಡುಹಗಲ ಸೂರ್ಯನು ವರ್ಷವಿಡೀ ದಕ್ಷಿಣದಲ್ಲಿಯೇ ಕಾಣುವನೆಂಬುದನ್ನು ವಿದ್ಯಾರ್ಥಿಗಳು ನೆನೆಯಬೇಕು. ಒಳಗೆ ಅಮೃತಶಿಲೆಯ ಅಥವಾ ಸ್ಲೇಟುಕಲ್ಲಿನ ಜಗಲಿಗಳು. ಭಾರವಾದ ಶಿಲೆಯು ಪಾತ್ರೆಯ ಬಿಸಿಯನ್ನು ಬೇಗನೆ ಹೀರಿಕೊಂಡರೂ ತಾನು ಬೇಗನೆ ಬಿಸಿಯಾಗದು. ಥೇಮ್ಸ್ ನದಿಯ ದಡದ ಹ್ಯಾಮ್ ಹೌಸ್ ಭವನದಲ್ಲಿ ಇಂಥ ಶಿಲಾಫಲಕಗಳನ್ನು ಹಸುವಿನ ಕಾಲಿನ ಆಕೃತಿಯ ಎರಕದ ಕಬ್ಬಿಣದ ಕಂಬಗಳು ಹೊತ್ತಿವೆ. ವಿನೋದಕ್ಕೂ ಅಲ್ಲಿ ಎಡೆಯುಂಟು.

ವಿಂಡ್ಸರಿನ ಫ್ರಾಗ್‌ಮೋರಿನಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟನು 1858ರಲ್ಲಿ ಕಟ್ಟಿಸಿದ ಕ್ಷೀರಗೃಹವು ಇವುಗಳಲ್ಲಿ ವೈಭವದ್ದು: ಮಿಂಟನ್ ಕಾರ್ಖಾನೆಯ ಮೆರುಗಿನ ಟೈಲುಗಳು, ಅಮೃತಶಿಲೆಯ ಮೇಜುಗಳು, ಒಳಗೇ ನೀರಿನ ಚಿಲುಮೆಗಳು. ಚಿಲುಮೆ ಬರಿಯ ಅಲಂಕಾರವಲ್ಲ. ಒಂದು ಗ್ರಾಂ ನೀರು ಸಾಧಾರಣ ಹವೆಯಲ್ಲಿ ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖವನ್ನು ಸುತ್ತಲಿನಿಂದ ಸೆಳೆಯುತ್ತದೆ. ನಮ್ಮ ಮಣ್ಣಿನ ಹೂಜಿಯ ನೀರು ತಂಪಾಗುವುದೂ ಇದರಿಂದಲೇ. ಟೈಲುಗಳೂ ಹಾಗೆಯೇ, ಚೆಲ್ಲಿದ ಹಾಲು ಅವುಗಳೊಳಗೆ ಇಂಗಿ ಹುಳಿಯುವಂತಿಲ್ಲ.

ಚಳಿಗಾಲದಲ್ಲಿ ಕೊಳಗಳಿಂದ ಕತ್ತರಿಸಿದ ಮಂಜುಗಡ್ಡೆಯನ್ನು ಹುಲ್ಲು ಹೊದಿಸಿ ನೆಲದಡಿಯ ಮನೆಗಳಲ್ಲಿ ಬೇಸಗೆಗೆಂದು ಕೂಡಿಡುವ ಪದ್ಧತಿಯೂ ಭವನಗಳಲ್ಲಿತ್ತು.

ಆದರೆ ಶಿಲೆಯ ಅಂದವನ್ನೇ ಕೊಂಡಾಡಿದರೆ ಸಾಲದು. ದಿನದಿನವೂ ನೆಲಕ್ಕೆ ತಣ್ಣೀರು ಹೊಯ್ದು, ಪಾತ್ರೆಗಳನ್ನು ಕುದಿನೀರಿನಲ್ಲಿ ತೊಳೆದು, ಬೆಣ್ಣೆಯನ್ನು ತಣ್ಣೀರಿನಲ್ಲಿ ಜಾಲಿಸಿ ಮಜ್ಜಿಗೆಯ ಅಂಶವನ್ನು ಹಿಂಡುತ್ತಿದ್ದ ಹೆಣ್ಣುಮಕ್ಕಳ ಕಾಯಕವಿಲ್ಲದೆ ಆ ಮನೆಗಳಲ್ಲಿ ಬೆಣ್ಣೆ ಉಳಿಯುತ್ತಿರಲಿಲ್ಲ. ಮಜ್ಜಿಗೆ ಉಳಿದ ಬೆಣ್ಣೆ ಎಷ್ಟು ತಂಪಿನಲ್ಲಿಟ್ಟರೂ ಬೇಗನೆ ಹಳಸುವುದು.

1878ರಲ್ಲಿ ಸ್ವೀಡನ್ನಿನ ಗುಸ್ಟಾಫ್ ದ ಲಾವಾಲ್ ಎಂಬುವನು ಹಾಲನ್ನು ಗಿರ್ರನೆ ತಿರುಗಿಸಿ ಒಡನೆಯೇ ಕೆನೆ ಬೇರ್ಪಡಿಸುವ ಯಂತ್ರವನ್ನು ರೂಪಿಸಿದನು. ದಿನವಿಡೀ ಕಾಯುವ ಅಗತ್ಯ ತಪ್ಪಿತು. ಕ್ರಮೇಣ ಅಗಲಪಾತ್ರೆಗಳು ಮೂಲೆ ಸೇರಿದವು. ಹ್ಯಾಮ್ ಹೌಸಿನ ಕಬ್ಬಿಣದ ಹಸುಗಾಲುಗಳು ಮಾತ್ರ ಇಂದಿಗೂ ಬರಿದಾದ ಶಿಲೆಯನ್ನು ಹೊತ್ತು ನಿಂತಿವೆ.