ಸೇವಂತಿಗೆ ತೋಟದ ಎಲ್.ಇ.ಡಿ. ಬಲ್ಬು ಮತ್ತು ಅದರ ಶಾಖ

ಸೇವಂತಿಗೆಯು ರಾತ್ರಿ ದೀರ್ಘವಾಗಿರುವಾಗ ಮೊಗ್ಗು ಕಟ್ಟುವ ಬೆಳೆ. ಬೆಂಗಳೂರಿನ ಸುತ್ತಮುತ್ತ ಜೂನ್ ತಿಂಗಳಿನಲ್ಲಿಯೂ ಹಗಲು 13 ಗಂಟೆ ಮೀರುವುದಿಲ್ಲ. ಆದುದರಿಂದ ಎಳೆಯ ಗಿಡವು ಕಾಂಡ ಬೆಳೆಯುವ ಮೊದಲೇ ಹೂವಿಗೆ ತಿರುಗದಂತೆ, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಅನೇಕ ಬೆಳೆಗಾರರು ನಡುರಾತ್ರಿ ಸಾಲುಗಳ ಮೇಲೆ ಬಲ್ಬು ಉರಿಸುತ್ತಾರೆ. ಸಾಮಾನ್ಯವಾಗಿ ರಾತ್ರಿ 10ರಿಂದ 2 ಗಂಟೆಯವರೆಗೆ, ಗಿಡದ ತುದಿಗೆ ಸುಮಾರು 100 ಲಕ್ಸ್ ಬೆಳಕು ಬೀಳುವಂತೆ ನೋಡಿಕೊಳ್ಳಬೇಕಾಗುತ್ತದೆ. ಒಂದು ಬಲ್ಬು ಕೆಟ್ಟು ಹಲವು ರಾತ್ರಿ ಯಾರ ಗಮನಕ್ಕೂ ಬಾರದಿದ್ದರೆ ಅದರ ಕೆಳಗಿನ ಗಿಡಗಳು ಗಿಡ್ಡವಾಗಿರುವಾಗಲೇ ಮೊಗ್ಗಿಗೆ ಬರುತ್ತವೆ. ಆಮೇಲೆ ಹೊಸ ಬಲ್ಬು ಹಾಕಿದರೂ ಆ ಮಡಿ ಉಳಿದವುಗಳ ಸಮಕ್ಕೆ ಬರುವುದು ಕಷ್ಟ.

ಎಲ್.ಇ.ಡಿ. ಬಲ್ಬಿನ ಪೊಟ್ಟಣದ ಮೇಲೆ 15,000 ಗಂಟೆ, 25,000 ಗಂಟೆ ಎಂದು ಆಯುಷ್ಯ ಅಚ್ಚಾಗಿರುತ್ತದೆ. ರಾತ್ರಿಗೆ 4 ಗಂಟೆಯ ಲೆಕ್ಕದಲ್ಲಿ 15,000 ಗಂಟೆ ಎಂದರೆ ಹತ್ತು ವರ್ಷ! ಹಾಗಿದ್ದರೂ ಒಂದೆರಡು ಬೆಳೆಗೇ ಅದು ಕೆಡುವುದೇಕೆ? ತೇವ ಮತ್ತು ವೋಲ್ಟೇಜಿನ ಏರಿಳಿತ ಎರಡೂ ಕಾರಣವಾಗಬಹುದು. ಆದರೆ ನಾವೇ ಕೈಯಾರೆ ತಂದುಕೊಳ್ಳುವ ಕಾರಣವೆಂದರೆ ಶಾಖ.

ಎಲ್.ಇ.ಡಿ. ಬಲ್ಬು ಬಿಸಿಯಾಗುವುದಿಲ್ಲವೆಂಬ ನಂಬಿಕೆ ಪೂರ್ತಿ ಸರಿಯಲ್ಲ. 9 ವಾಟಿನ ಬಲ್ಬಿನಲ್ಲಿ ಬೆಳಕಾಗಿ ಹೊರಬರುವುದು ಸುಮಾರು 3 ವಾಟ್ ಮಾತ್ರ. ಉಳಿದ 6 ವಾಟ್ ಶಾಖವಾಗುತ್ತದೆ. ಹಳೆಯ ಬುರುಡೆ ಬಲ್ಬಿನಲ್ಲಿ ಶಾಖ ಇದಕ್ಕಿಂತ ಬಹಳ ಹೆಚ್ಚು. ಆದರೆ ಅದರ ಬಹುಪಾಲು ಕಣ್ಣಿಗೆ ಕಾಣದ ಕಿರಣಗಳಾಗಿ ಗಾಜಿನ ಮೂಲಕ ಹೊರಗೆ ಹೋಗಿಬಿಡುತ್ತಿತ್ತು. ಎಲ್.ಇ.ಡಿ.ಯಲ್ಲಿ ಹಾಗಲ್ಲ. ಸಾಸಿವೆ ಕಾಳಿನಷ್ಟಿರುವ ಬಿಲ್ಲೆಗಳಲ್ಲಿ ಹುಟ್ಟಿದ ಶಾಖವು ಅವುಗಳ ಬೆನ್ನಿಗಿರುವ ಅಲ್ಯೂಮಿನಿಯಂ ತಟ್ಟೆಗೆ, ಅಲ್ಲಿಂದ ಬಲ್ಬಿನ ಮೈಗೆ ಹರಿದು, ಕೊನೆಗೆ ಸುತ್ತಲಿನ ಗಾಳಿಗೆ ಸೇರಬೇಕು. ಈ ದಾರಿಯಲ್ಲಿ ಎಲ್ಲಿ ತಡೆಯಾದರೂ ಒಳಗಿನ ಉಷ್ಣತೆ ಏರುತ್ತದೆ.

ಏರಿದಾಗ ಮೊದಲು ಸಾಯುವುದು ಅನೇಕ ವೇಳೆ ಬಿಲ್ಲೆಗಳಲ್ಲ. ಹೋಲ್ಡರಿನ ಕಡೆಯ ಭಾಗದಲ್ಲಿ, ಕರೆಂಟನ್ನು ಹದಮಾಡಿ ಕೊಡುವ ಡ್ರೈವರ್ ಎಂಬ ಪುಟ್ಟ ಮಂಡಲವಿರುತ್ತದೆ. ಅದರಲ್ಲಿನ ಕೆಪಾಸಿಟರಿನೊಳಗೆ ದ್ರವವಿದ್ದು, ಶಾಖಕ್ಕೆ ಅದು ಕ್ರಮೇಣ ಆರಿಹೋಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದರೆ ಇದರ ಆಯುಷ್ಯ ಅರ್ಧಕ್ಕಿಳಿಯುವುದೆಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. 20 ಡಿಗ್ರಿ ಹೆಚ್ಚಿದರೆ ಕಾಲು ಭಾಗವಷ್ಟೇ ಉಳಿಯಿತು. ಬಲ್ಬು ಮಿಣಮಿಣ ಎನ್ನತೊಡಗಿದರೆ ಡ್ರೈವರಿನ ಮೇಲೆ ಸಂಶಯಪಡಬಹುದು.

ಮಳೆಯ ಮರೆ ಹೇಗಿರಬೇಕು?

ಮಳೆಹನಿಗೆ ಹೆದರಿ ಬಲ್ಬಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಬಿಗಿಯುವುದು, ಕತ್ತರಿಸಿದ ನೀರಿನ ಬಾಟಲಿಯೊಳಗೆ ಇಳಿಸಿ ಟೇಪ್ ಅಂಟಿಸುವುದು ಖರ್ಚಿಲ್ಲದ ಉಪಾಯಗಳಂತೆ ಕಾಣುತ್ತವೆ. ಇವು ನೀರನ್ನೇನೋ ತಡೆಯುತ್ತವೆ. ಜೊತೆಗೆ ಬಿಸಿಗಾಳಿಯನ್ನೂ ಒಳಗೇ ಕಟ್ಟಿಹಾಕುತ್ತವೆ. ತೂಗುವ ಬಲ್ಬಿನಲ್ಲಿ ಡ್ರೈವರ್ ಮೇಲುಗಡೆಗೇ ಇರುವುದರಿಂದ, ಮೇಲೇರಿದ ಬಿಸಿಯೆಲ್ಲ ಅದನ್ನೇ ಸುತ್ತಿಕೊಳ್ಳುತ್ತದೆ. ಬಿರುಬೇಸಿಗೆಯಲ್ಲಿ ಕಂಬಳಿ ಹೊದಿಸಿದಂತೆಯೇ ಸರಿ.

ಮರೆಯು ಛತ್ರಿಯಂತಿರಬೇಕು, ಚೀಲದಂತಲ್ಲ. ಬಲ್ಬಿನ ಮೈಗಿಂತ ಸಾಕಷ್ಟು ಅಗಲವಾದ ತಟ್ಟೆಯನ್ನು ಹೋಲ್ಡರಿನ ಮೇಲೆ, ಮೈಗೆ ತಾಗದಂತೆ ಕಟ್ಟಿ, ಕೆಳಗೂ ಪಕ್ಕಗಳಲ್ಲೂ ಗಾಳಿಯಾಡಲು ಬಿಡಬೇಕು. ಗಾಳಿಮಳೆಯ ಎರಚಲು ಹೆಚ್ಚಿರುವ ಬಯಲಿನಲ್ಲಿ ಇಷ್ಟು ಸಾಲದು. ಅಲ್ಲಿ ಮನೆಯೊಳಗಿನ ಬಲ್ಬನ್ನು ಬಳಸದೆ, ಹೊರಾಂಗಣಕ್ಕೆಂದೇ ತಯಾರಾದ, ಐ.ಪಿ. 65 ಗುರುತಿನ ದೀಪವನ್ನೂ ನೀರು ಇಳಿಯದ ಹೋಲ್ಡರನ್ನೂ ಕೊಳ್ಳುವುದು ಲೇಸು. ಬೆಲೆ ಹೆಚ್ಚು, ನಿಜ. ಆದರೆ ಒಂದು ಮಡಿ ಹೂವಿನ ನಷ್ಟದ ಮುಂದೆ ಅದು ದೊಡ್ಡದಲ್ಲ. ಇಂಥ ದೀಪಗಳ ಬೆನ್ನಿಗೆ ಅಲ್ಯೂಮಿನಿಯಂ ರೆಕ್ಕೆಗಳಿದ್ದರೆ ಅವು ಅಲಂಕಾರಕ್ಕಲ್ಲ, ಗಾಳಿಗೆ ತಾಗುವ ಮೈ ಹೆಚ್ಚಿಸಲು. ಅವುಗಳ ನಡುವೆ ಕೂತ ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯುತ್ತಿರಬೇಕು. ಕೋಳಿ ಮನೆಯ ದೀಪಗಳಿಗೂ ಈ ಮಾತು ಅನ್ವಯಿಸುತ್ತದೆ.

ಒಂದೇ ಬೆಳಕಿನ ಎರಡು ಬಲ್ಬುಗಳಲ್ಲಿ ಕಡಿಮೆ ವಾಟಿನದನ್ನು ಆರಿಸಿಕೊಳ್ಳಿ. ಲ್ಯೂಮೆನ್ ಅಂಕಿಯನ್ನು ವಾಟಿನಿಂದ ಭಾಗಿಸಿದರೆ ಇದು ತಿಳಿಯುತ್ತದೆ. ವಾಟಿಗೆ ಹೆಚ್ಚು ಲ್ಯೂಮೆನ್ ಎಂದರೆ ಅಷ್ಟೇ ಬೆಳಕಿಗೆ ಕಡಿಮೆ ಶಾಖ.

ಬಲ್ಬುಗಳನ್ನು ಮುಟ್ಟುವ ಮೊದಲು ತಪ್ಪದೇ ಮೇನ್ ಸ್ವಿಚ್ ಆರಿಸಬೇಕು, ಕೈ ಒದ್ದೆಯಿರಬಾರದು. ತೋಟದ ಸಾಲಿಗೆ ಇ.ಎಲ್.ಸಿ.ಬಿ. ಹಾಕಿಸಿರುವುದು ಅವಶ್ಯ. ದೀಪ ಉರಿಯುವ ಅವಧಿಯಲ್ಲಿ ವಾರಕ್ಕೆರಡು ರಾತ್ರಿಯಾದರೂ ಸಾಲುಗಳ ನಡುವೆ ಒಮ್ಮೆ ನಡೆದು, ಕೆಟ್ಟದ್ದನ್ನೂ ಮಂಕಾದದ್ದನ್ನೂ ಗುರುತು ಮಾಡಿ ಮರುದಿನ ಹಗಲಿನಲ್ಲಿಯೇ ಬದಲಾಯಿಸತಕ್ಕದ್ದು.