ರಜೆಯ ಕೂಟಕ್ಕೆ ಗಿರಗಿಟ್ಲೆ, ಹುಣಸೆಬೀಜ

ಮಕ್ಕಳೇ, ದಸರೆ ರಜೆ ಮುಗಿಯುವ ಹೊತ್ತಿಗೆ ನಿಮ್ಮ ಓಣಿಯ ಗೆಳೆಯ ಗೆಳತಿಯರೆಲ್ಲ ಸೇರಿ ಒಂದು ಸಂತೋಷಕೂಟ ಮಾಡಬೇಕೆಂದಿದ್ದೀರಾ? ಮಾಡಿ. ಆದರೆ ತಲಾ ಇಪ್ಪತ್ತು ರೂಪಾಯಿ ಕೊಡಬೇಕೆಂದು ಮಾತ್ರ ಹೇಳಬೇಡಿ. ಹಾಗೆ ಹೇಳಿದ ಕೂಡಲೇ ನಾಲ್ಕೈದು ಮಂದಿ 'ನಮ್ಮ ಮನೆಯಲ್ಲಿ ಕೆಲಸ ಇದೆ' ಎಂದು ನೆಪ ಹೇಳಿ ದೂರ ಉಳಿಯುತ್ತಾರೆ. ಅವರ ಮನೆಯಲ್ಲಿ ಇರುವುದು ಕೆಲಸವಲ್ಲ, ಇಲ್ಲದಿರುವುದು ಇಪ್ಪತ್ತು ರೂಪಾಯಿ. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಸಂಕೋಚ. ಆದ್ದರಿಂದ ಈ ಸಲ ದುಡ್ಡು ಬೇಡದ ಕೂಟ ಮಾಡೋಣ. ಮನೆಯಿಂದ ಒಂದೊಂದು ಹಿಡಿ ಮಂಡಕ್ಕಿ ತಂದರೆ ತಿಂಡಿಯಾಯಿತು. ಆಟದ ಸಾಮಾನುಗಳನ್ನು ನಾವೇ ಮಾಡಿಕೊಳ್ಳೋಣ. ಹಳೆಯ ರಟ್ಟು, ನೋಟ್‌ಬುಕ್ಕಿನ ಬರೆದ ಹಾಳೆ, ಹೊಲಿಗೆ ದಾರ, ಹುಣಸೆಬೀಜ. ಇಷ್ಟು ಸಾಕು.

ಎಲ್ಲರೂ ಒಂದೇ ಸಲ ಬರುವುದಿಲ್ಲವಲ್ಲ! ಮೊದಲು ಬಂದವರು ಸುಮ್ಮನೆ ಕೂರುವ ಬದಲು ಒಂದು ಆಟಿಕೆ ತಯಾರಿಸಲಿ.

ದಾರದ ಗಿರಗಿಟ್ಲೆ

ದಪ್ಪ ರಟ್ಟಿನ ಮೇಲೆ ಬಳೆಯನ್ನು ಇಟ್ಟು ಪೆನ್ಸಿಲ್ಲಿನಿಂದ ಸುತ್ತ ಗೀಟು ಎಳೆಯಿರಿ. ವೃತ್ತವನ್ನು ಕತ್ತರಿಸಿಕೊಳ್ಳಿ. ಅಂತಹವೇ ಎರಡನ್ನು ಮಾಡಿ ಅನ್ನದ ಗಂಜಿಯಿಂದ ಅಂಟಿಸಿದರೆ ಬಿಲ್ಲೆ ಗಟ್ಟಿಯಾಗುತ್ತದೆ. ಈಗ ನಡುಬಿಂದು ಗುರುತಿಸಿ. ಅದರ ಎಡಕ್ಕೆ ಅರ್ಧ ಸೆಂಟಿಮೀಟರ್, ಬಲಕ್ಕೆ ಅರ್ಧ ಸೆಂಟಿಮೀಟರ್ ದೂರದಲ್ಲಿ ಒಂದೊಂದು ತೂತು ಮಾಡಿ. ತೂತುಗಳು ನಡುಬಿಂದುವಿನಿಂದ ಸಮದೂರದಲ್ಲಿ ಇರಲೇಬೇಕು. ಒಂದು ಪಕ್ಕ ಭಾರವಾದರೆ ಬಿಲ್ಲೆ ಕುಂಟುತ್ತದೆ. ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ ಗಟ್ಟಿ ದಾರವನ್ನು ಒಂದು ತೂತಿನಿಂದ ಹಾಕಿ ಇನ್ನೊಂದರಿಂದ ಹೊರಗೆಳೆದು ತುದಿಗಳನ್ನು ಗಂಟು ಹಾಕಿ. ದೊಡ್ಡ ಕೋಟಿನ ಗುಂಡಿ ಸಿಕ್ಕರೆ ರಟ್ಟಿನ ಕೆಲಸವೂ ಬೇಡ, ತೂತು ಮೊದಲೇ ಇರುತ್ತದೆ.

ದಾರದ ಎರಡು ಕೊನೆಗಳನ್ನು ಎರಡು ಕೈಯ ಬೆರಳುಗಳಿಗೆ ಸಿಕ್ಕಿಸಿಕೊಂಡು ಬಿಲ್ಲೆಯನ್ನು ನಡುವೆ ತನ್ನಿ. ಹಗ್ಗದಾಟದಲ್ಲಿ ಹಗ್ಗ ತಿರುಗಿಸುವಂತೆ ಇಪ್ಪತ್ತು ಸಲ ತಿರುಗಿಸಿ, ದಾರಕ್ಕೆ ಹುರಿ ಬೀಳಲಿ. ಈಗ ಕೈಗಳನ್ನು ಅಗಲಿಸಿ ಎಳೆಯಿರಿ, ಸಡಿಲ ಬಿಡಿ, ಮತ್ತೆ ಎಳೆಯಿರಿ. ಗುಂಯ್ ಎಂದು ಸದ್ದು ಬಂತೇ? ಬರದಿದ್ದರೆ ನೀವು ಸಡಿಲ ಬಿಡುವುದು ತಡವಾಗುತ್ತಿದೆ ಎಂದು ಅರ್ಥ.

ಎಳೆದಾಗ ಹುರಿ ಬಿಚ್ಚಿಕೊಂಡು ಬಿಲ್ಲೆ ಜೋರಾಗಿ ತಿರುಗುತ್ತದೆ. ಹುರಿ ಪೂರ್ತಿ ಬಿಚ್ಚಿದ ಮೇಲೆ ಬಿಲ್ಲೆ ನಿಲ್ಲಬೇಕಿತ್ತಲ್ಲ? ನಿಲ್ಲುವುದಿಲ್ಲ. ಸೈಕಲ್ಲಿನ ಪೆಡಲ್ ತುಳಿಯುವುದನ್ನು ಬಿಟ್ಟರೂ ಚಕ್ರ ಉರುಳುತ್ತಲೇ ಇರುವಂತೆ, ತಿರುಗುತ್ತಿರುವ ಬಿಲ್ಲೆ ತಿರುಗುತ್ತಲೇ ಇರುತ್ತದೆ. ಇದಕ್ಕೆ ಜಡತ್ವ ಎನ್ನುತ್ತಾರೆ. ಹಾಗೆ ತಿರುಗುತ್ತಾ ಅದು ದಾರಕ್ಕೆ ಎದುರು ದಿಕ್ಕಿನ ಹುರಿಯನ್ನು ತಾನೇ ಹಾಕುತ್ತದೆ. ಆಗ ನೀವು ಮತ್ತೆ ಎಳೆಯುತ್ತೀರಿ. ನಿಮ್ಮ ಕೈಗಳು ಬರೇ ಹಿಂದೆ ಮುಂದೆ ಹೋಗುತ್ತವೆ, ಬಿಲ್ಲೆ ಮಾತ್ರ ಗರಗರ ಸುತ್ತುತ್ತದೆ.

ಬಿಲ್ಲೆಯ ಅರ್ಧಕ್ಕೆ ಹಳದಿ, ಇನ್ನರ್ಧಕ್ಕೆ ನೀಲಿ ಬಣ್ಣ ಬಳಿದು ತಿರುಗಿಸುವ ಮುನ್ನ ಯಾವ ಬಣ್ಣ ಕಾಣಬಹುದು ಎಂದು ಎಲ್ಲರನ್ನೂ ಕೇಳಿ. ಹೆಚ್ಚಿನವರು ಹಸಿರು ಎನ್ನುತ್ತಾರೆ, ಏಕೆಂದರೆ ಬಣ್ಣದ ಡಬ್ಬಿಯಲ್ಲಿ ಬೆರೆಸಿದಾಗ ಹಸಿರೇ ಬರುತ್ತದೆ. ತಿರುಗಿಸಿ ನೋಡಿ. ಇಲ್ಲಿ ಬಣ್ಣಗಳು ಒಂದರೊಳಗೊಂದು ಕರಗಿಲ್ಲ. ಎರಡರಿಂದಲೂ ಬರುವ ಬೆಳಕು ನಿಮ್ಮ ಕಣ್ಣಿನಲ್ಲಿ ಬೆರೆಯುತ್ತಿದೆ. ಅದಕ್ಕೆ ಹಸಿರಿನ ಬದಲು ಬೂದು ಬಣ್ಣದ ಹತ್ತಿರದ್ದು ಏನೋ ಕಾಣುತ್ತದೆ.

ಒಂದು ಎಚ್ಚರಿಕೆ. ಸೋಡಾ ಬಾಟಲಿಯ ಮುಚ್ಚಳವನ್ನು ಚಪ್ಪಟೆ ಮಾಡಿ ಗಿರಗಿಟ್ಲೆ ಮಾಡುವವರಿದ್ದಾರೆ. ಅದು ತಿರುಗುವಾಗ ಬ್ಲೇಡಿನಂತೆ ಕೊಯ್ಯುತ್ತದೆ, ದಾರ ತುಂಡಾದರೆ ಎದುರಿಗಿದ್ದವರ ಕಣ್ಣಿಗೇ ಬರಬಹುದು. ರಟ್ಟು ಅಥವಾ ಗುಂಡಿ ಮಾತ್ರ ಬಳಸಿ, ಮುಖದಿಂದ ದೂರ ಹಿಡಿಯಿರಿ.

ಆಟಿಕೆ ಆಸ್ಪತ್ರೆಗೆ ಹೋಯಿತು

ಗಿರಗಿಟ್ಲೆ ಸಾವಿರಾರು ವರ್ಷ ಹಳೆಯ ಆಟಿಕೆ. ಅದರಿಂದ ಇನ್ನೇನು ಹೊಸದು ಸಾಧ್ಯ ಎನಿಸಬಹುದು. ಕೇಳಿ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಎಂಬ ವಿಜ್ಞಾನಿ ಇದ್ದಾರೆ. ನಮ್ಮ ಕಾನ್ಪುರದ ಐಐಟಿಯಲ್ಲಿ ಓದಿದವರು. 2013ರಲ್ಲಿ ಅವರು ಆಫ್ರಿಕಾದ ಉಗಾಂಡ ದೇಶಕ್ಕೆ ಹೋಗಿದ್ದಾಗ ಒಂದು ಆರೋಗ್ಯ ಕೇಂದ್ರದಲ್ಲಿ ಸೆಂಟ್ರಿಫ್ಯೂಜ್ ಯಂತ್ರವನ್ನು ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟಿದ್ದರಂತೆ. ಕಾರಣ, ಅಲ್ಲಿ ವಿದ್ಯುತ್ತೇ ಇರಲಿಲ್ಲ.

ಸೆಂಟ್ರಿಫ್ಯೂಜ್ ಎಂದರೇನು? ಒದ್ದೆ ಕೊಡೆಯನ್ನು ಗಿರ್ರನೆ ತಿರುಗಿಸಿದರೆ ಹನಿಗಳು ಅಂಚಿನಿಂದ ಹೊರಕ್ಕೆ ಸಿಡಿಯುವುದನ್ನು ನೋಡಿದ್ದೀರಿ. ಹಾಗೆಯೇ ರಕ್ತವನ್ನು ಸಣ್ಣ ನಳಿಗೆಯಲ್ಲಿಟ್ಟು ಬಹಳ ವೇಗವಾಗಿ ತಿರುಗಿಸಿದರೆ ಹೆಚ್ಚು ಸಾಂದ್ರವಾದ ಕೆಂಪು ರಕ್ತಕಣಗಳು ಹೊರತುದಿಗೆ ಸೇರುತ್ತವೆ, ತಿಳಿಹಳದಿ ಪ್ಲಾಸ್ಮಾ ಒಳಗಡೆ ಉಳಿಯುತ್ತದೆ. ಮಲೇರಿಯಾದಂತಹ ಕಾಯಿಲೆಗಳನ್ನು ಪತ್ತೆ ಮಾಡುವುದಕ್ಕೆ ಹೀಗೆ ಬೇರ್ಪಡಿಸುವುದು ನೆರವಾಗುತ್ತದೆ. ಯಂತ್ರ ದುಬಾರಿ, ಭಾರ, ಮೇಲಾಗಿ ಕರೆಂಟು ಬೇಕು. ಜ್ವರ ಬಂದ ಮಗು ಕರೆಂಟು ಬರುವ ತನಕ ಕಾಯುವುದು ಹೇಗೆ?

ಮನು ಪ್ರಕಾಶ್ ಮತ್ತು ಅವರ ಜೊತೆಗಾರ ಸಾದ್ ಭಾಮ್ಲಾ ಕೈಯಿಂದ ತಿರುಗುವ ಆಟಿಕೆಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಪರೀಕ್ಷಿಸಿದರು. ಯೋ-ಯೋ ನೋಡಿದರು, ವೇಗ ಸಾಲದು. ಗಿರಗಿಟ್ಲೆಯನ್ನು ವೇಗದ ಕ್ಯಾಮರಾದಲ್ಲಿ ಚಿತ್ರಿಸಿದಾಗ ಅದು ನಿಮಿಷಕ್ಕೆ 10,000 ಸುತ್ತಿಗಿಂತಲೂ ಹೆಚ್ಚು ತಿರುಗುತ್ತಿತ್ತು. ನಮ್ಮ ಮನೆಯ ಸೀಲಿಂಗ್ ಫ್ಯಾನು ಪೂರ್ತಿ ವೇಗದಲ್ಲಿಟ್ಟರೂ ನಿಮಿಷಕ್ಕೆ ಮುನ್ನೂರು ನಾನೂರು ಸುತ್ತು ಅಷ್ಟೆ! ಆಮೇಲೆ ಅವರು ಬಿಲ್ಲೆ ಎಷ್ಟು ಅಗಲ ಇರಬೇಕು, ದಾರ ಎಷ್ಟು ದಪ್ಪ, ಎಷ್ಟು ಉದ್ದ ಎಂಬುದನ್ನೆಲ್ಲ ಗಣಿತ ಹಾಕಿ ನೋಡಿದರು. ಕಾಗದದ ಬಿಲ್ಲೆ, ಮೀನಿನ ಗಾಳದ ದಾರ, ಹಿಡಿಯಲು ಎರಡು ತುಂಡು. ಇಷ್ಟರಲ್ಲಿ ನಿಮಿಷಕ್ಕೆ 1,25,000 ಸುತ್ತು ತಿರುಗುವ ಉಪಕರಣ ಸಿದ್ಧವಾಯಿತು. ಸೆಕೆಂಡಿಗೆ ಎಷ್ಟಾಯಿತು, ಭಾಗಿಸಿ ನೋಡಿ. ತೂಕ 2 ಗ್ರಾಂ. ಖರ್ಚು ಅಮೆರಿಕದ 20 ಸೆಂಟ್, ಅಂದಿನ ಲೆಕ್ಕಕ್ಕೆ ಸುಮಾರು 14 ರೂಪಾಯಿ. ಒಂದೂವರೆ ನಿಮಿಷದೊಳಗೆ ರಕ್ತದಿಂದ ಪ್ಲಾಸ್ಮಾ, 15 ನಿಮಿಷದಲ್ಲಿ ಮಲೇರಿಯಾ ರೋಗಾಣುಗಳು ಬೇರೆಯಾಗುತ್ತವೆ ಎಂದು 2017ರ ಜನವರಿಯಲ್ಲಿ ಅವರು ಪ್ರಕಟಿಸಿದರು. ಅದಕ್ಕೆ ಇಟ್ಟ ಹೆಸರು ಪೇಪರ್‌ಫ್ಯೂಜ್.

ನೀವು ರಕ್ತ, ಸೂಜಿಗಳ ತಂಟೆಗೆ ಹೋಗಬೇಡಿ, ಅದು ತರಬೇತಿ ಪಡೆದವರ ಕೆಲಸ. ಆದರೆ ಅವರು ಕೇಳಿದ ಪ್ರಶ್ನೆಗಳನ್ನು ನೀವೂ ಕೇಳಬಹುದು. ಒಬ್ಬರು ಬಳೆಯಳತೆಯ ಬಿಲ್ಲೆ ಮಾಡಲಿ, ಇನ್ನೊಬ್ಬರು ಅದಕ್ಕಿಂತ ಚಿಕ್ಕದು, ಮತ್ತೊಬ್ಬರು ದೊಡ್ಡದು. ಯಾವುದರ ಸದ್ದು ಹೆಚ್ಚು ಕೀಚಲು? ಯಾವುದನ್ನು ತಿರುಗಿಸಲು ಹೆಚ್ಚು ಬಲ ಬೇಕು?

ಕಾಗದದ ಹೆಲಿಕಾಪ್ಟರ್

ಚಿಕ್ಕವರಿಗೆ ಗಿರಗಿಟ್ಲೆ ಒಗ್ಗುವುದಿಲ್ಲ, ಅಳು ಶುರುವಾಗುತ್ತದೆ. ಅವರಿಗೆ ಇದು. ನೋಟ್‌ಬುಕ್ಕಿನ ಹಾಳೆಯಿಂದ 5 ಸೆಂ.ಮೀ. ಅಗಲ, 16 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ. ಮೇಲಿನಿಂದ ನಟ್ಟನಡುವೆ 8 ಸೆಂ.ಮೀ. ಸೀಳಿ. ಸೀಳಿದ ಒಂದು ರೆಕ್ಕೆ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಬಾಗಲಿ. ಕೆಳಗಿನ ಭಾಗದ ಎರಡು ಅಂಚುಗಳನ್ನು ಒಳಕ್ಕೆ ಮಡಚಿ, ತುದಿಯನ್ನು ಒಂದು ಸೆಂಟಿಮೀಟರಿನಷ್ಟು ಮೇಲಕ್ಕೆ ಮಡಚಿ ಒತ್ತಿ. ಜಗಲಿಯ ಮೇಲೆ ನಿಂತು ಬಿಟ್ಟರೆ ಸುತ್ತುತ್ತಾ ಇಳಿಯುತ್ತದೆ. ಮಾಳಿಗೆ ಹತ್ತುವುದು ಬೇಡ.

ಬೀಳುವಾಗ ಗಾಳಿ ಎರಡು ರೆಕ್ಕೆಗಳನ್ನೂ ಕೆಳಗಿನಿಂದ ತಳ್ಳುತ್ತದೆ. ರೆಕ್ಕೆಗಳು ಎದುರುಬದುರಾಗಿ ಬಾಗಿರುವುದರಿಂದ ಒಂದನ್ನು ಒಂದು ಪಕ್ಕಕ್ಕೆ, ಇನ್ನೊಂದನ್ನು ಇನ್ನೊಂದು ಪಕ್ಕಕ್ಕೆ ನೂಕಿದಂತಾಗಿ ಅದು ಸುತ್ತುತ್ತದೆ. ಮಡಿಕೆಗಳನ್ನು ಅದಲುಬದಲು ಮಾಡಿದರೆ ಎತ್ತ ಸುತ್ತುತ್ತದೆ, ನೋಡಿ. ಪಶ್ಚಿಮಘಟ್ಟದ ಕಾಡಿನ ಕಿರಾಲಭೋಗಿ ಮರದ ಕಾಯಿಗೂ ಇಂತಹ ಎರಡು ರೆಕ್ಕೆಗಳಿವೆ. ಸುತ್ತುತ್ತಾ ನಿಧಾನವಾಗಿ ಬೀಳುವುದರಿಂದ ಗಾಳಿಯಲ್ಲಿ ತೇಲಿ ತಾಯಿಮರದ ನೆರಳಿನಿಂದ ಆಚೆ ಬೀಳಲು ಅದಕ್ಕೆ ಅವಕಾಶ ಸಿಗುತ್ತದೆ.

ಚಪ್ಪಾಳೆ ಎಲ್ಲಿ?

ಇದು ಕೂತು ಆಡುವ ಆಟ. ಕಾಲುನೋವಿನವರು, ಓಡಲಾಗದವರು ಇದ್ದರೆ ಅವರೂ ಸಮವಾಗಿ ಸೇರಬಹುದು. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ನಡುವೆ ಕೂರಿಸಿ, ಉಳಿದವರು ಸುತ್ತ ಕುಳಿತುಕೊಳ್ಳಿ. ಯಾರಾದರೂ ಒಬ್ಬರು ಒಂದೇ ಒಂದು ಚಪ್ಪಾಳೆ ತಟ್ಟಬೇಕು. ನಡುವೆ ಕೂತವರು ತಲೆ ಅಲುಗಿಸದೆ ಆ ದಿಕ್ಕಿಗೆ ಬೆರಳು ತೋರಿಸಬೇಕು. ಎಡ, ಬಲ ಸುಲಭ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬಲಗಡೆಯ ಚಪ್ಪಾಳೆ ಬಲಗಿವಿಯನ್ನು ಮೊದಲು ತಲುಪುತ್ತದೆ, ಎಡಗಿವಿಯನ್ನು ಆಮೇಲೆ. ನಡುವಿನ ಅಂತರ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ! ಅಷ್ಟನ್ನೂ ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಸರಿಯಾಗಿ ಮೂಗಿನ ನೇರಕ್ಕೆ ಅಥವಾ ಸರಿಯಾಗಿ ಬೆನ್ನ ಹಿಂದೆ ತಟ್ಟಿದರೆ? ಎರಡೂ ಕಿವಿಗೆ ಒಟ್ಟಿಗೇ ಕೇಳುತ್ತದೆ. ಜಾಣರೂ ಅಲ್ಲಿ ಎಡವುತ್ತಾರೆ. ಒಂದು ಕಿವಿ ಮುಚ್ಚಿಕೊಂಡೂ ಆಡಿ ನೋಡಿ.

ಜಗಳವಿಲ್ಲದ ಚೌಕಾಬಾರ

ಬಿಸಿಲು ಏರಿದ ಮೇಲೆ ನೆರಳಿನಲ್ಲಿ ಕೂತು ಚೌಕಾಬಾರ ಆಡಿ. ಸೀಮೆಸುಣ್ಣದಲ್ಲಿ ಐದು ಸಾಲು, ಐದು ಕಂಬದ 25 ಮನೆ ಬರೆಯಲು ನಿಮಗೆ ಹೇಳಿಕೊಡಬೇಕಿಲ್ಲ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜಗಳ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿಕೊಳ್ಳಿ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಚೌಕ, ಬಾರ ಬಿದ್ದವರಿಗೆ ಇನ್ನೊಂದು ಸಲ ಹಾಕುವ ಅವಕಾಶ.

ಇಲ್ಲೇ ಜಗಳ ಹುಟ್ಟುವುದು. 'ಅವಳ ಬೀಜದಲ್ಲಿ ಯಾವಾಗಲೂ ಚೌಕ ಬೀಳುತ್ತದೆ, ಮೋಸ' ಎಂದು ಒಬ್ಬ. 'ನನ್ನ ಅದೃಷ್ಟ, ನಿನಗೇನು' ಎಂದು ಅವಳು. ಶಕುನಿಯ ದಾಳದ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅನುಮಾನ ಬೇಗ ಬರುತ್ತದೆ! ಕೂಗಾಡಿ ಇದನ್ನು ತೀರ್ಮಾನಿಸಲಾಗದು. ಎಣಿಸಿ ತೀರ್ಮಾನಿಸಬಹುದು.

ಮೊದಲು, ಮೋಸವೇ ಇಲ್ಲದ ಬೀಜಗಳಾದರೆ ಏನಾಗಬೇಕು ನೋಡೋಣ. ಒಂದು ಬೀಜ ಬೀಳುವುದು ಎರಡು ಬಗೆ, ಬಿಳಿ ಅಥವಾ ಕಪ್ಪು. ನಾಲ್ಕು ಬೀಜ ಸೇರಿದರೆ 2×2×2×2, ಅಂದರೆ 16 ಬಗೆ. ಹದಿನಾರನ್ನೂ ಹಾಳೆಯಲ್ಲಿ ಬರೆಯಿರಿ. ಒಂದು ಬಿಳಿ ಬರುವುದು 4 ಬಗೆಯಲ್ಲಿ, ಎರಡು ಬಿಳಿ 6 ಬಗೆಯಲ್ಲಿ, ಮೂರು ಬಿಳಿ 4 ಬಗೆಯಲ್ಲಿ. ಚೌಕ ಒಂದೇ ಬಗೆ, ಬಾರವೂ ಒಂದೇ ಬಗೆ. ಹಾಗಾಗಿ 160 ಸಲ ಹಾಕಿದರೆ 60ರ ಆಸುಪಾಸಿನಲ್ಲಿ ಎರಡು, 10ರ ಆಸುಪಾಸಿನಲ್ಲಿ ಚೌಕ, ಅಷ್ಟೇ ಬಾರ ಬೀಳಬೇಕು. ಆಸುಪಾಸು ಎಂದದ್ದು ಬೇಕೆಂದೇ. 7 ಬಿದ್ದರೂ 13 ಬಿದ್ದರೂ ಗಾಬರಿಯಾಗಬೇಡಿ.

ಆದರೆ ಉಜ್ಜಿದ ಬೀಜ ಎರಡೂ ಕಡೆ ಒಂದೇ ತೆರನಾಗಿ ಇರುವುದಿಲ್ಲವಲ್ಲ! ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಆದ್ದರಿಂದ ಪರೀಕ್ಷೆ ಮಾಡಿ. ಒಂದೇ ಬೀಜವನ್ನು ಚಾಪೆಯ ಮೇಲೆ 100 ಸಲ ಹಾಕಿ. ಒಬ್ಬರು ಹಾಕಲಿ, ಒಬ್ಬರು ಗೀಟು ಎಳೆದು ಲೆಕ್ಕವಿಡಲಿ. ಹತ್ತು ಸಲ ಹಾಕಿ 'ಸಾಕು' ಎನ್ನಬೇಡಿ, ಹತ್ತರಲ್ಲಿ ಏನು ಬೇಕಾದರೂ ಆಗಬಹುದು. ನಿಮ್ಮ ಬೀಜಗಳು ನೂರಕ್ಕೆ 60 ಸಲ ಬಿಳಿಯಾಗಿ ಬೀಳುವಂತಹವು ಎಂದಿಟ್ಟುಕೊಳ್ಳಿ. ಸಣ್ಣ ವ್ಯತ್ಯಾಸ ಅನಿಸುತ್ತದೆಯೇ? ಅಂತಹ ನಾಲ್ಕು ಬೀಜ ಸೇರಿದರೆ ಚೌಕ ಬೀಳುವುದು ನೂರಕ್ಕೆ ಸುಮಾರು 13 ಸಲ, ಬಾರ ಬೀಳುವುದು ಸುಮಾರು 3 ಸಲ. ಸರಿಸಮನಾದ ಬೀಜಗಳಲ್ಲಿ ಎರಡೂ ನೂರಕ್ಕೆ ಸುಮಾರು 6 ಸಲವೇ ಬೀಳಬೇಕಿತ್ತು.

ಹಾಗಾದರೆ ಆ ಬೀಜಗಳನ್ನು ಎಸೆಯಬೇಕೇ? ಬೇಕಿಲ್ಲ. ಎಲ್ಲರೂ ಅದೇ ನಾಲ್ಕು ಬೀಜಗಳನ್ನು ಹಾಕಿದರೆ ವಾಲಿಕೆಯೂ ಎಲ್ಲರಿಗೂ ಒಂದೇ. ಮೋಸವಾಗುವುದು ಒಬ್ಬೊಬ್ಬರು ತಮ್ಮ ತಮ್ಮ ಬೀಜ ತಂದು ಆಡಿದಾಗ. ಆದ್ದರಿಂದ ಬೀಜಗಳನ್ನು ಒಟ್ಟಿಗೆ ಕೂತು ಉಜ್ಜಿ, ಆಟ ಶುರುವಾಗುವ ಮುನ್ನವೇ ನೂರು ಸಲದ ಪರೀಕ್ಷೆ ಮುಗಿಸಿ. ಕವಡೆ ಇರುವವರು ಕವಡೆಯನ್ನೂ ಹಾಗೆಯೇ ಪರೀಕ್ಷಿಸಿ, ಹುಣಸೆಬೀಜದ ಪಕ್ಕದಲ್ಲಿ ಬರೆದುಕೊಳ್ಳಿ. ಶಾಲೆ ತೆರೆದ ದಿನ ಆ ಹಾಳೆಯನ್ನು ಗಣಿತದ ಮೇಷ್ಟ್ರಿಗೋ ಟೀಚರಿಗೋ ಕೊಡಿ. ಬೇರೆ ಓಣಿಯವರ ಲೆಕ್ಕವನ್ನೂ ಕೂಡಿಸಿ ಕರಿಹಲಗೆಯ ಮೇಲೆ ಸ್ತಂಭಾಲೇಖ ಬರೆಯಬಹುದು.